ಮದ್ದು ಫಲಿಸಿದ್ದೇ ತಪ್ಪಾಯಿತೇ?

ಆಯಸ್ಕಾಂತ ನುಂಗಿದ ಮಕ್ಕಳಿಗೆ ದೊರೆತಿರುವ ಅತ್ಯಂತ ಪರಿಣಾಮಕಾರಿ ಚಿಕಿತ್ಸೆ ಆಸ್ಪತ್ರೆಯದಲ್ಲ, ಮಾರುಕಟ್ಟೆಯದು. ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಹಾಕಿ ವೈದ್ಯರಿಗೆ ತರಬೇತಿ ಕೊಟ್ಟರೆ ಸಾಕು, ನಿಷೇಧವೇಕೆ ಎಂದು ಮತ್ತೆ ಮತ್ತೆ ವಾದಿಸುವವರು ಅಮೆರಿಕದಲ್ಲಿ 2016ರಲ್ಲಿ ನಡೆದುದನ್ನು ಮರೆತಿದ್ದಾರೆ, ಇಲ್ಲವೇ ಮರೆತಂತೆ ನಟಿಸುತ್ತಿದ್ದಾರೆ.

ನಿಯೋಡಿಮಿಯಂ ಎಂಬ ಲೋಹದ ಮಿಶ್ರಣದಿಂದ ಮಾಡಿದ ಈ ಪುಟ್ಟ ಗುಂಡುಗಳಲ್ಲಿ ಒಂದನ್ನು ಮಾತ್ರ ನುಂಗಿದರೆ ಅದು ಸಾಮಾನ್ಯವಾಗಿ ತಾನಾಗಿಯೇ ಹೊರಬೀಳುತ್ತದೆ. ಎರಡು ಒಳಹೊಕ್ಕರೆ ಅವು ಕರುಳಿನ ಬೇರೆ ಬೇರೆ ಸುರುಳಿಗಳಿಂದ ಒಂದನ್ನೊಂದು ಸೆಳೆದು, ನಡುವೆ ಸಿಕ್ಕ ಕರುಳಿನ ಗೋಡೆಯನ್ನು ಹಿಸುಕಿ, ರಕ್ತಸಂಚಾರ ನಿಲ್ಲಿಸಿ, ರಂಧ್ರ ಕೊರೆಯುತ್ತವೆ. ಅಂಟಿಕೊಂಡ ಗುಂಡುಗಳು ಎಕ್ಸ್‌ರೇಯಲ್ಲಿ ಒಂದೇ ವಸ್ತುವಿನಂತೆ ಕಾಣಬಲ್ಲವಾದ್ದರಿಂದ ಇನ್ನೊಂದು ಕೋನದ ಚಿತ್ರವೂ ಬೇಕಾಗುತ್ತದೆ. ಜಠರದಲ್ಲಿದ್ದಾಗಲೇ ತಿಳಿದರೆ ಎಂಡೋಸ್ಕೋಪಿ, ಅಂದರೆ ಬಾಯಿಯ ಮೂಲಕ ಇಳಿಸುವ ಕೊಳವೆಯಿಂದ, ತೆಗೆಯಬಹುದು. ಆದರೆ ಮೊದಮೊದಲ ವಾಂತಿ, ಹೊಟ್ಟೆನೋವುಗಳು ಅಜೀರ್ಣದವೆಂದೇ ತೋರುವುದರಿಂದ ಆ ಹೊತ್ತು ಎಷ್ಟೋ ಬಾರಿ ಕೈಮೀರಿರುತ್ತದೆ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2012ರಲ್ಲಿ ಇಂಥ ಗುಂಡುಗಳ ಮಾರಾಟಗಾರರ ಮೇಲೆ ಕ್ರಮಕ್ಕಿಳಿದು, 2014ರಲ್ಲಿ ನಿಯಮವನ್ನೂ ರೂಪಿಸಿತು. 2016ರ ನವೆಂಬರಿನಲ್ಲಿ ಹತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು; ನಿಯಮಕ್ಕೆ ಮೊದಲೇ ಗಾಯದ ಪ್ರಮಾಣ ಇಳಿಯತೊಡಗಿದ್ದನ್ನು ಆಯೋಗ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಸರಕನ್ನು ಅಂಗಡಿಗಳಿಂದ ತೆಗೆಸಿದ ಕಾಲಕ್ಕೇ ಆ ಇಳಿಕೆ ಬಂದಿತ್ತು ಎಂಬುದನ್ನು ನೆನೆದರೆ, ಜ್ವರ ಇಳಿಯಿತೆಂದು ಮದ್ದನ್ನೇ ಚೆಲ್ಲಿದ ಹಾಗಾಯಿತು. ವಿಷ ನಿಯಂತ್ರಣ ಕೇಂದ್ರಗಳಿಗೆ, ಅಂದರೆ ನುಂಗಿದ ಅಪಾಯಕಾರಿ ವಸ್ತುಗಳ ಬಗ್ಗೆ ದೂರವಾಣಿಯಲ್ಲಿ ಸಲಹೆ ನೀಡುವ ಕೇಂದ್ರಗಳಿಗೆ, ವರದಿಯಾದ ಆಯಸ್ಕಾಂತ ಪ್ರಕರಣಗಳು 2008–11ರಲ್ಲಿ ವರ್ಷಕ್ಕೆ ಸರಾಸರಿ 420 ಇದ್ದವು. 2012–17ರಲ್ಲಿ 281ಕ್ಕೆ ಇಳಿದವು. ಗುಂಡುಗಳು ಅಂಗಡಿಗೆ ಮರಳಿದ ಮೇಲೆ 1,249ಕ್ಕೆ ನೆಗೆದವು. ವೈದ್ಯರಿಗೆ ಚಿಕಿತ್ಸಾ ಮಾರ್ಗಸೂಚಿ 2012ರಲ್ಲೇ ದೊರೆತಿತ್ತು. ವೈದ್ಯರ ತಿಳಿವಳಿಕೆಯೇ ಸಾಕಾಗುವಂತಿದ್ದರೆ ಈ ಮೂರನೆಯ ಸಂಖ್ಯೆ ಹುಟ್ಟಬಾರದಿತ್ತು.

2022ರಲ್ಲಿ ಆಯೋಗ ಹೊಸ ನಿಯಮ ತಂದಿತು. ಆಯಸ್ಕಾಂತದ ತೀವ್ರತೆಯ ವರ್ಗವನ್ನು ಅದರ ಧ್ರುವದ ಮೇಲ್ಮೈಯ ವಿಸ್ತೀರ್ಣದಿಂದ ಗುಣಿಸಿ ಪಡೆಯುವ ಕಾಂತಪ್ರವಾಹ ಸೂಚ್ಯಂಕವು 50ಕ್ಕಿಂತ ಕಡಿಮೆ ಇರಬೇಕೆಂಬ ಮಿತಿಯನ್ನು ಅದು ಮನರಂಜನೆಗೆ, ಆಭರಣಕ್ಕೆ, ಮಾನಸಿಕ ಒತ್ತಡ ನಿವಾರಣೆಗೆ ಎಂದು ಮಾರುವ, ನುಂಗಬಹುದಾದಷ್ಟು ಚಿಕ್ಕ ಬಿಡಿ ಆಯಸ್ಕಾಂತಗಳಿಗೂ ಅನ್ವಯಿಸಿತು. ನ್ಯೂಜಿಲೆಂಡ್ 2013ರಿಂದಲೇ ನಿಷೇಧಿಸಿದ್ದರೂ, ಆನ್‌ಲೈನ್‌ನಲ್ಲಿ ಕೊಂಡ 80ರಿಂದ 100 ಗುಂಡುಗಳನ್ನು ನುಂಗಿದ 13ರ ಬಾಲಕನ ಪ್ರಕರಣ 2025ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಇದರಿಂದ ನಿಷೇಧ ನಿಷ್ಪ್ರಯೋಜಕವೆಂದು ಸಾಬೀತಾಗುವುದಿಲ್ಲ. ಅಂಚೆ ಪೊಟ್ಟಣಕ್ಕೂ ಅದು ತಟ್ಟಬೇಕೆಂದಷ್ಟೇ ತಿಳಿಯುತ್ತದೆ. ಭಾರತದಲ್ಲಿ 2021ರಿಂದ ಜಾರಿಯಲ್ಲಿರುವ ಆಟಿಕೆ ಗುಣಮಟ್ಟ ಆದೇಶ 14 ವರ್ಷದೊಳಗಿನವರ ಆಟಿಕೆಗಳಿಗಷ್ಟೇ ಸೀಮಿತವಾಗಿದ್ದು, ವಯಸ್ಕರ ಮೇಜಿನ ಅಲಂಕಾರವೆಂಬ ಹಣೆಪಟ್ಟಿ ಹೊತ್ತ ಅದೇ ಗುಂಡು ಅದರ ಕಣ್ಣಿಗೆ ಬೀಳುವುದಿಲ್ಲ.