ಬಿಸಿನೀರು ಸಣ್ಣಗ ಬಂದ್ರ ಪಂಪ್ ತರಬ್ಯಾಡ್ರಿ, ಮೊದಲ ನಳಕ್ಕ ಕೇಳ್ರಿ

ಅಡಗಿಮನಿ ನಳದಾಗ ತಣ್ಣೀರು ಧೋ ಅಂತ ಬರ್ತದ, ಬಿಸಿನೀರು ಮಾತ್ರ ದಾರದ ಎಳಿ ಹಂಗ ಇಳೀತದ. ಇದನ್ನ ಮನಿಯೊಳಗ ಹೇಳಿದ್ರ ಏನು ಉತ್ತರ ಬರ್ತದ ಅನ್ನೋದು ನಮಗೆಲ್ಲಾರಿಗೂ ಬಾಯಿಪಾಠ ಆಗೇದ. ಒಂದು, "ಪ್ರೆಶರ್ ಇಲ್ಲ, ಪಂಪ್ ಹಾಕಸಬೇಕು." ಎರಡು, "ಗೀಝರ್ ಹಳೇದಾತು, ದೊಡ್ಡದು ತರೋಣ." ಮೂರನೇದು ಎಲ್ಲಕ್ಕಿಂತ ಹೆಚ್ಚು ಕೇಳಿಬರೋದು, "ಭಾಂಡೆ ತೊಳೀಲಿಕ್ಕೆ ಬಿಸಿನೀರು ಯಾಕ ಬೇಕು?" ಈ ಮೂರೂ ಉತ್ತರ ತಪ್ಪು ಅಂತ ಹೇಳಲಿಕ್ಕೇ ಇವತ್ತ ಬರೀಲಿಕ್ಕೆ ಕೂತೇನಿ. ಮೊದಲಿನ ಎರಡಕ್ಕ ಲೆಕ್ಕಾ ಹೇಳ್ತೇನಿ, ಮೂರನೇದಕ್ಕ ಜಗಳಾನ ಮಾಡ್ತೇನಿ.

ಮೊದಲ ಒಂದು ಮಾತು ಗಟ್ಟಿ ಮಾಡ್ಕೊಳ್ಳೋಣ. ಗೀಝರಿನೊಳಗ ನೀರು ಕಾಯ್ತದ, ಹುಟ್ಟಂಗಿಲ್ಲ. ಮಾಳಗಿ ಮ್ಯಾಲಿನ ಟಾಕಿಯಿಂದ ಇಳಿಯೋ ನೀರು ಒಂದ. ಅದು ನಡುವ ಎರಡು ದಾರಿ ಹಿಡೀತದ. ಒಂದು ಸೀದಾ ನಳಕ್ಕ ಹೋಗ್ತದ, ಇನ್ನೊಂದು ಗೀಝರ್ ಹೊಕ್ಕು ಬಿಸಿ ಆಗಿ ಅದ ನಳಕ್ಕ ಬರ್ತದ. ಟಾಕಿ ನಳಕ್ಕಿಂತ 10 ಮೀಟರ್ ಮ್ಯಾಲಿದ್ರ ಪ್ಲಂಬರ್‌ಗಳು ಹೇಳೋ ಒಂದು ಕೆಜಿ ಪ್ರೆಶರ್ ಸಿಗ್ತದ. ಒಂದಂತಸ್ತಿನ ಮನಿಯೊಳಗ ಟಾಕಿ ಇರೋದು ಮೂರ್ನಾಕು ಮೀಟರ್ ಮ್ಯಾಲೆ, ಅಂದ್ರ ಅದರ ಅರ್ಧಾನೂ ಸಿಗಂಗಿಲ್ಲ. ಸಿಗೋದು ಸ್ವಲ್ಪ ಅನ್ನೋದು ಖರೇ, ಆದ್ರ ಎರಡಕ್ಕೂ ಸಮ ಸಿಗ್ತದ. ತಣ್ಣೀರು ಮಗಳು, ಬಿಸಿನೀರು ಸೊಸಿ ಅಂತ ಟಾಕಿ ಭೇದ ಮಾಡಂಗಿಲ್ಲ. ಒಂದ ನಳದಾಗ ತಣ್ಣೀರು ಜೋರಾಗಿ ಬರ್ತದ ಅಂದ ಮ್ಯಾಲೆ ಟಾಕಿಗೆ ಬೈಬ್ಯಾಡ್ರಿ, ಪ್ರೆಶರಿಗೂ ಬೈಬ್ಯಾಡ್ರಿ. ಗೀಝರಿಗೆ ನೀರು ಹೋಗೋ ಬಾಯಿಂದ ಹಿಡದು ನಳದ ಬಾಯಿತನಕ ಎಲ್ಲೋ ಒಂದು ಕಡೆ ದಾರಿ ಕಟ್ಟೇದ. ದಾರಿ ಕಟ್ಟಿದಾಗ ದಾರಿ ಬಿಡಸಬೇಕು, ಹಿಂದಿಂದ ದಬ್ಬೋದಲ್ಲ.

ನಮ್ಮ ಓಣಿಯೊಳಗ ಒಬ್ಬ ಕಾಕು ಮನಿಗೆ ಬಂದ ಪ್ಲಂಬರ್ ನಳಾ ಸೈತ ತಿರವಿ ನೋಡದ 18,000 ರೂಪಾಯಿ ಪಂಪಿನ ಲೆಕ್ಕಾ ಬರದ ಕೊಟ್ಟಿದ್ದ. ಕಡೀಕ ನೋಡಿದ್ರ ಸಿಂಕಿನ ಕೆಳಗ ಬಿಸಿನೀರಿನ ಆಂಗಲ್ ಕಾಕ್ ಅರ್ಧಾ ಬಂದ್ ಇತ್ತು. ತಿಂಗಳ ಹಿಂದ ನಳಾ ರಿಪೇರಿ ಮಾಡಿದವರು ಪೂರ್ತಿ ತಗಿಯೋದು ಮರತಿದ್ರು. ಅದನ್ನ ತಿರವಿ ಸರಿ ಮಾಡಿದಾಕಿ ಅವರ ಮೊಮ್ಮಗಳು. ಛಲೋ ಪ್ಲಂಬರ್ ಭಾಳ ಮಂದಿ ಇದ್ದಾರ, ಅವರ ಮ್ಯಾಲೆ ನನ್ನ ಸಿಟ್ಟಿಲ್ಲ. ಸಿಟ್ಟು ಇರೋದು ಏನಾಗೇದ ಅಂತ ಕೇಳದ ಔಷಧ ಬರಿಯೋ ಪದ್ಧತಿ ಮ್ಯಾಲೆ, ಮತ್ತ ಅದಕ್ಕ ಹೂಂ ಅನ್ನೋ ನಮ್ಮ ಮನಿ ಮಂದಿ ಮ್ಯಾಲೆ.

ಹಂಗಾರ ಏನು ಕೇಳಬೇಕು? ಒಂದು ಲೀಟರಿನ ಪಾತ್ರಿ ತೊಗೊಳ್ರಿ, ಮೊಬೈಲಿನಾಗ ಸೆಕೆಂಡ್ ಎಣಸ್ರಿ. ತಣ್ಣೀರಿನಾಗ ಎಷ್ಟು ಹೊತ್ತಿಗೆ ತುಂಬತದ, ಬಿಸಿನೀರಿನಾಗ ಎಷ್ಟು ಹೊತ್ತಿಗೆ ತುಂಬತದ, ಎರಡನ್ನೂ ಕ್ಯಾಲೆಂಡರ್ ಮ್ಯಾಲೆ ಬರದಿಡ್ರಿ. ತಣ್ಣೀರು 15 ಸೆಕೆಂಡ್, ಬಿಸಿನೀರು 50 ಸೆಕೆಂಡ್ ಅಂತ ಬರದಿಟ್ಟ ಮ್ಯಾಲೆ "ನಿನಗ ಹಂಗ ಅನಸ್ತದ" ಅಂತ ಯಾರೂ ಅನ್ನಲಿಕ್ಕೆ ಬರಂಗಿಲ್ಲ. ಒಂದ ಮಾತು ನೆನಪಿಡ್ರಿ: ಕೆಲವು ಮನಿಯೊಳಗ ಅಡಗಿಮನಿ ತಣ್ಣೀರು ಸೀದಾ ಕಾರ್ಪೊರೇಶನ್ ಪೈಪಿನಿಂದ ಬರ್ತದ, ಗೀಝರಿಗೆ ಮಾತ್ರ ಟಾಕಿ ನೀರು. ಅಂಥಲ್ಲೆ ಈ ಹೋಲಿಕಿ ನಡಿಯಂಗಿಲ್ಲ, ಟಾಕಿಯಿಂದ ಬರೋ ಬಚ್ಚಲಮನಿ ತಣ್ಣೀರಿನ ಜೋಡಿ ಅಳತಿ ನೋಡ್ರಿ.

ಆಮ್ಯಾಲೆ ಮೂರು ಪ್ರಶ್ನೆ. ಅಡಗಿಮನಿ ನಳದಾಗ ತಣ್ಣೀರೂ ಸಣ್ಣಗ ಆಗೇದೇನು? ಆಗಿದ್ರ ಮೊದಲ ನಳದ ಬಾಯಿಗೆ ಇರೋ ಜಾಳಿ ನೋಡ್ರಿ. ತಣ್ಣೀರು ಛಲೋ ಅದ, ಬಚ್ಚಲಮನಿಯೊಳಗ ಬಿಸಿನೀರೂ ಛಲೋ ಅದ ಏನು? ಹಂಗಿದ್ರ ಗೀಝರ್ ತಪ್ಪಿಲ್ಲ, ಅಡಗಿಮನಿ ಕಡೆ ಬರೋ ಕವಲಿನೊಳಗ ತಪ್ಪದ. ಮನಿ ತುಂಬ ಎಲ್ಲಾ ಕಡೆ ಬಿಸಿನೀರು ಸಣ್ಣಗ ಆಗೇದೇನು? ಹಂಗಿದ್ರ ಗೀಝರಿಗೆ ನೀರು ಹೋಗೋ ವಾಲ್ವು, ಅಲ್ಲೆ ಇರೋ ವಾಪಸ್ ಬಿಡದ ವಾಲ್ವು, ಇಲ್ಲಾ ಗೀಝರಿನ ಒಳಗ. ಇಷ್ಟು ಕೇಳಿಬಿಟ್ರ ಅರ್ಧಾ ಕೆಲಸ ಮುಗೀತು, ಕೈಯಾಗ ಪಾನಾ ಹಿಡಿಯೋದಕ್ಕಿಂತ ಮೊದಲ.

ಇನ್ನೊಂದು ಪ್ರಶ್ನೆ ನಮ್ಮನ್ನ ಬಿಟ್ಟು ಯಾರಿಗೂ ಉತ್ತರ ಗೊತ್ತಿರಂಗಿಲ್ಲ, ಯಾಕಂದ್ರ ದಿನಾ ಆ ನಳದ ಮುಂದ ನಿಲ್ಲೋರು ನಾವು. ಇದು ಒಮ್ಮೆಲೇ ಆತೋ, ಮೆಲ್ಲಕ ಆತೋ? ತಿಂಗಳಗಟ್ಟಲೆ ಸ್ವಲ್ಪ ಸ್ವಲ್ಪ ಕಡಿಮಿ ಆಗ್ತಾ ಬಂದಿದ್ರ ಸುಣ್ಣ ಕಟ್ಟೇದ. ಟಾಕಿ ಖಾಲಿಯಾಗಿ ತುಂಬಿದ ಮರುದಿನ ಫುಸ್ ಫುಸ್ ಅಂತ ಉಗುಳ್ತಾ ಸಣ್ಣಗ ಆಗಿದ್ರ ಪೈಪಿನೊಳಗ ಗಾಳಿ ಸಿಕ್ಕೇದ, ಇಲ್ಲಾ ಟಾಕಿ ತಳದ ಕಸಾ ಇಳದು ಬಂದದ. ಯಾರೋ ಬಂದು ರಿಪೇರಿ ಮಾಡಿ ಹೋದ ಮ್ಯಾಲೆ ಆಗಿದ್ರ ವಾಲ್ವು ಅರ್ಧಾ ಬಂದ್ ಇರಬಹುದು, ಇಲ್ಲಾ ಸುತ್ತಿದ ಬಿಳೇ ಟೇಪಿನ ಚೂರು ಒಳಗ ಸಿಕ್ಕಿರಬಹುದು.

ಸುಣ್ಣದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಬಿಸಿನೀರಿನ ಕಡೇನ ಯಾಕ ಕಟ್ಟತದ ಅನ್ನೋದು ಅದರಾಗ ಅದ. ಸವಳು ನೀರಿನೊಳಗ ಸುಣ್ಣ ಕರಗಿ ಕಾಣಲಾರದಂಗ ಇರ್ತದ. ನೀರು ಕಾಯ್ದ ಕೂಡ್ಲೆ ಅದು ಬಿಟ್ಟುಕೊಂಡು ಬಿಳೇ ಹಕ್ಕಳಿ ಆಗಿ ಕೂಡತದ. ನೀರು ಕಾಸೋ ಪಾತ್ರಿ ತಳದಾಗ, ಹಳೇ ಹಂಡೆ ಒಳಗ ನಾವು ಹೆರದು ಹೆರದು ತಗದದ್ದು ಅದ. ತಣ್ಣೀರಿನ ಪೈಪಿನಾಗ ಅದು ಹಂಗ ಹರಕೊಂಡು ಹೋಗ್ತದ, ಗೀಝರ್ ದಾಟಿದ ನೀರಿನಾಗ ಕೂಡತದ. ಕುಡಿಯೋ ನೀರಿನ ಭಾರತೀಯ ಮಾನಕದಾಗ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ರ ಛಲೋ, ಬ್ಯಾರೆ ನೀರು ಇಲ್ಲದಿದ್ರ 600ರ ತನಕ ನಡೀತದ ಅಂತ ಅದ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಸವದತ್ತಿ ಕಡಿಂದ ಮಲಪ್ರಭಾ ನೀರು ಬರ್ತದ, ಬರದ ದಿನಾ ಬೋರಿನ ನೀರ ಗತಿ. ನಿಮ್ಮ ಮನಿ ಟಾಕಿಯೊಳಗ ಬೋರಿನ ನೀರು ಹೆಚ್ಚು ಬೀಳ್ತಿದ್ರ ಗೀಝರ್ ಎಷ್ಟ ದೊಡ್ಡದು ತಂದ್ರೂ ಸುಣ್ಣ ಮತ್ತ ಕಟ್ಟತದ. ಹೊಸಾ ಗೀಝರಿಗೂ ಅದ ನೀರ ಕುಡಸ್ತೀರಲ್ಲಾ!

ಈಗ ನಾವ ಮಾಡಬಹುದಾದ ಕೆಲಸ. ಗೀಝರಿನ ಸ್ವಿಚ್ ಅಷ್ಟ ಅಲ್ಲ, ಬೋರ್ಡಿನಾಗ ಎಂಸಿಬಿ ಸೈತ ಕೆಳಗ ಮಾಡ್ರಿ. ಪೈಪಿನ ನೀರು ಆರಲಿ, ಸುಟ್ಟ ಕೈ ಯಾರಿಗೂ ಬ್ಯಾಡ. ಮೊದಲ ನಳದ ಬಾಯಿ ಜಾಳಿ ಕೈಯಿಂದ, ಇಲ್ಲಾ ಅರಿವಿ ಸುತ್ತಿ ಪಾನಾದಿಂದ ತಿರವಿ ತಗೀರಿ. ಅರ್ಧಾ ತಾಸು ವಿನೆಗರಿನಾಗ, ಇಲ್ಲಾ ಲಿಂಬಿ ರಸದಾಗ ನೆನಸಿ ಹಳೇ ಹಲ್ಲುಜ್ಜೋ ಬ್ರಶ್‌ನಿಂದ ತಿಕ್ಕರಿ. ತಾಮ್ರದ ತಂಬಿಗಿ ಹುಣಸಿಹಣ್ಣಿಗೆ ಬೆಳಗತದಲ್ಲಾ, ಅದ ಹುಳಿ ಇಲ್ಲೂ ಕೆಲಸ ಮಾಡತದ. ಜಾಳಿ ಇಲ್ಲದ ನಳಾ ಹಚ್ಚಿ ನೋಡ್ರಿ. ನೀರು ಜೋರಾಗಿ ಬಂದ್ರ ಮುಗೀತು, ಖರ್ಚು ಒಂದು ಲಿಂಬಿಹಣ್ಣು.

ಬರಲಿಲ್ಲಂದ್ರ ಸಿಂಕಿನ ಕೆಳಗ ಬಗ್ಗರಿ. ಅಲ್ಲೆ ಎರಡು ಆಂಗಲ್ ಕಾಕ್ ಇರ್ತಾವ, ಬಿಸಿನೀರಿನದು ಪೂರ್ತಿ ತಗದದೇನು ನೋಡ್ರಿ. ಅಲ್ಲಿಂದ ನಳಕ್ಕ ಹೋಗೋ ಕನೆಕ್ಷನ್ ಪೈಪು ಹಿಂದ ಇಟ್ಟ ಸಾಮಾನಿಗೆ ಸಿಕ್ಕು ಮಡಚಿಕೊಂಡದೇನು ನೋಡ್ರಿ. ಅದರ ಮ್ಯಾಲೆ ಸ್ಟೀಲಿನ ಜಡಿ ಇರ್ತದ, ಒಳಗ ಇರೋದು ರಬ್ಬರು. ಬಿಸಿನೀರಿಗೆ ರಬ್ಬರು ಹಣ್ಣಾಗಿ ಉಬ್ಬಿ ದಾರಿ ಕಟ್ಟತದ, ಹೊರಗ ಮಾತ್ರ ಹೊಸಾ ಬಳಿ ಹಂಗ ಹೊಳೀತಿರ್ತದ. ಪರೀಕ್ಷಾ ಸರಳ ಅದ. ಕಾಕ್ ಬಂದ್ ಮಾಡಿ ಪೈಪಿನ ಮ್ಯಾಲಿನ ತುದಿ ನಳದಿಂದ ಬಿಚ್ಚಿ ಬಕೀಟಿನಾಗ ಇಳಿಬಿಟ್ಟು ಕಾಕ್ ಮೆಲ್ಲಕ ತಗೀರಿ. ಬಕೀಟಿಗೆ ನೀರು ಜೋರಾಗಿ ಬಿತ್ತಂದ್ರ ತಪ್ಪು ನಳದ ಒಳಗಿನ ಕಾರ್ಟ್ರಿಜ್‌ದು, ಇಲ್ಲಾ ವಾಶರಿಂದು. ಸಣ್ಣಗ ಬಿತ್ತಂದ್ರ ಪೈಪನ್ನೂ ಕಾಕಿನಿಂದ ಬಿಚ್ಚಿ, ಕಾಕಿನ ಬಾಯಿಗೆ ಬಕೀಟು ಹಿಡದು ನೋಡ್ರಿ. ಅಲ್ಲೆ ಜೋರಾಗಿ ಬಂದ್ರ ಕನೆಕ್ಷನ್ ಪೈಪ ಬದಲಸಬೇಕು, ಅಲ್ಲೂ ಸಣ್ಣಗ ಅಂದ್ರ ಕಾಕ್ ಇಲ್ಲಾ ಗ್ವಾಡಿ ಒಳಗಿನ ಪೈಪು. ಹಳೇ ಮನಿಯೊಳಗ ಕಬ್ಬಿಣದ ಪೈಪಿದ್ರ ಅದು ಒಳಗ ಜಂಗು ಹಿಡದು ಬೆರಳಿನಷ್ಟ ದಾರಿ ಪೆನ್ಸಿಲ್‌ನಷ್ಟ ಆಗಿರ್ತದ. ಅದಕ್ಕ ಪ್ಲಂಬರ್ ಬೇಕ ಬೇಕು. ಆದ್ರ ಈಗ ಅವನನ್ನ ಕರದು "ಏನೋ ಆಗೇದ ನೋಡಪಾ" ಅನ್ನಂಗಿಲ್ಲ, "ಇಲ್ಲಿಂದ ಇಲ್ಲೀತನಕ ಪೈಪು ಬದಲಸು" ಅಂತೀರಿ.

ಗಾಳಿ ಸಿಕ್ಕಿದ್ರ ಏನೂ ಬಿಚ್ಚೋದು ಬ್ಯಾಡ. ಟಾಕಿ ತುಂಬಿದ ಮ್ಯಾಲೆ ಮನಿಯ ಎಲ್ಲಾ ಬಿಸಿನೀರಿನ ನಳಾ ಒಮ್ಮೆಲೇ ಪೂರ್ತಿ ತಗದು ಐದು ನಿಮಿಷ ಬಿಡ್ರಿ, ಕೆಳಗ ಬಕೀಟು ಇಡ್ರಿ. ನೀರು ಒಂದ ಸಮನ ಬರೋತನಕ ಗೀಝರ್ ಚಾಲೂ ಮಾಡಬ್ಯಾಡ್ರಿ, ನೀರಿಲ್ಲದ ಗೀಝರ್ ಕಾಯ್ದ್ರ ಒಳಗಿನ ಕಾಯಿಲ್ ಸುಟ್ಟು ಹೋಗ್ತದ.

ಈಗ ಪಂಪಿನ ಮಾತಿಗೆ ಬರೋಣ. ದಾರಿ ಕಟ್ಟಿದ ಪೈಪಿಗೆ ಪಂಪ್ ಹಾಕಿದ್ರ ನಾಕು ತಿಂಗಳ ಜೋರು ಬರ್ತದ, ಸುಣ್ಣ ತನ್ನ ಪಾಡಿಗೆ ತಾ ಬೆಳೀತಿರ್ತದ, ಹಳೇ ಜೋಡಣಿ ಎಲ್ಲೆಲ್ಲೆ ಸಡ್ಲ ಅದ ಅಲ್ಲೆಲ್ಲಾ ಸೋರಲಿಕ್ಕೆ ಹತ್ತತದ. ತಣ್ಣೀರಿನ ಪೈಪಿಗಷ್ಟ ಪಂಪ್ ಹಾಕಿದ್ರಂತೂ ಇನ್ನೂ ಛಂದ: ಮಿಕ್ಸರ್ ನಳದಾಗ ಜೋರಿನ ತಣ್ಣೀರು ಸಣ್ಣ ಬಿಸಿನೀರನ್ನ ಹಿಂದ ದಬ್ಬತದ, ಬರ್ತಿದ್ದ ಎಳೀನೂ ಹೋತು. ಮಾಳಗಿ ಮ್ಯಾಲೆ ಸೋಲಾರ್ ಇದ್ದವರು ಇನ್ನೂ ಎಚ್ಚರ ಇರ್ರಿ. ಸಾಮಾನ್ಯ ಮನಿ ಸೋಲಾರ್ ಟಾಕಿ ಗಾಳಿ ಪೈಪು ಇಟ್ಟುಕೊಂಡು ಉಸಿರಾಡೋ ಟಾಕಿ, ಪ್ರೆಶರ್ ತಡಕೊಳ್ಳಲಿಕ್ಕೆ ಮಾಡಿದ್ದಲ್ಲ. ಅದಕ್ಕ ಹೋಗೋ ನೀರಿನ ಕಡೆ ಪಂಪ್ ಹಚ್ಚಿದ್ರ ಗಾಳಿ ಪೈಪಿನಿಂದ ನೀರು ಉಕ್ಕತದ, ಟಾಕಿನೂ ಕೆಡತದ. ಪಂಪ್ ಖರೇನ ಬೇಕಾಗೋ ಮನಿ ಇಲ್ಲ ಅಂತಲ್ಲ. ಟಾಕಿ ಕೆಳಗಿನ ಮ್ಯಾಲಂತಸ್ತಿನಾಗ ಎರಡೂ ನೀರು, ಎಲ್ಲಾ ನಳದಾಗೂ ಸಣ್ಣಗ ಬಂದ್ರ ಅದು ಪಂಪಿನ ಕೇಸು. ಬಿಸಿನೀರಷ್ಟ ಸಣ್ಣಗ ಬಂದ್ರ ಅಲ್ಲ.

ಅಡಗಿಮನಿಗಂತ 3 ಲೀಟರಿನ ಇನ್‌ಸ್ಟಂಟ್ ಗೀಝರ್ ಹಚ್ಚಿದವರು ಇನ್ನೊಂದು ಲೆಕ್ಕ ತಿಳ್ಕೊಳ್ರಿ. 3 ಕಿಲೋವ್ಯಾಟಿನ ಕಾಯಿಲ್ ನೀರನ್ನ 20 ಡಿಗ್ರಿ ಬಿಸಿ ಮಾಡಬೇಕಂದ್ರ ನಿಮಿಷಕ್ಕ ಎರಡು ಲೀಟರಿನಷ್ಟ ಕೊಡಲಿಕ್ಕೆ ಆಗ್ತದ. ಒಳಗಿನ ಮೂರು ಲೀಟರ್ ಮುಗದ ಮ್ಯಾಲೆ ಜೋರು ಮಾಡಿದ್ರ ಉಗುರುಬೆಚ್ಚಗ ಬರ್ತದ. ಅದು ರೋಗ ಅಲ್ಲ, ಅದರ ಶಕ್ತಿನ ಅಷ್ಟು.

ಒಂದು ಕೆಲಸ ಮಾತ್ರ ಯಾರ ಹೇಳಿದ್ರೂ ಮಾಡಸಬ್ಯಾಡ್ರಿ. ನೀರು ಕಾಯುವಾಗ ಗೀಝರಿನ ಸೇಫ್ಟಿ ವಾಲ್ವಿನಿಂದ ಹನಿ ಹನಿ ಬೀಳ್ತದ. 25 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕ ಕಾಯ್ದ್ರ ಅರ್ಧಾ ಲೀಟರಿಗೆ ಸ್ವಲ್ಪ ಕಮ್ಮಿ ಹಿಗ್ಗತದ, ಆ ಹಿಗ್ಗಿದ ನೀರಿಗೆ ಹೊರಗ ಬರಲಿಕ್ಕೆ ಇಟ್ಟ ಬಾಗಲಾ ಅದು. "ಇಲ್ಲಿ ಸೋರಿ ಪ್ರೆಶರ್ ಹೋಗ್ತದ ಅಕ್ಕಾ" ಅಂತ ಅದಕ್ಕ ಬೂಚು ಹೊಡಿಯೋರನ್ನ ಸೀದಾ ಬಾಗಲಕ್ಕ ಕಳಸ್ರಿ. ಗೀಝರ್ ಸಿಡಿದ್ರ ಹೋಗೋದು ನೀರಲ್ಲ, ಜೀವಾ.

ಉಳಿದದ್ದು ಮೂರನೇ ಉತ್ತರ. ಭಾಂಡೆಗೆ ಬಿಸಿನೀರು ಯಾಕ? ಯಾಕಂದ್ರ ತುಪ್ಪ ತಣ್ಣೀರಿನಾಗ ಹೆಪ್ಪುಗಟ್ಟತದ. ಹೋಳಿಗಿ ಮಾಡಿದ ದಿನದ ಬುಟ್ಟಿ, ಕಲ್ಲು, ತಾಟು ತಣ್ಣೀರಿನಾಗ ತಿಕ್ಕಿ ನೋಡ್ರಿ, ಸಾಬಾಣನೂ ಎರಡು ಪಟ್ಟು, ನೀರೂ ಎರಡು ಪಟ್ಟು. ಪುಷ್ಯ ಮಾಸದ ಬೆಳಿಗ್ಗೆ ಟಾಕಿ ನೀರು ಕೈಯ ಕೊರೀತದ, ಗಂಟು ನೋವಿನ ಅತ್ತಿ ಬೆರಳು ಮಡಚಲಿಕ್ಕೆ ಬರಂಗಿಲ್ಲ. ಮತ್ತ ನಮ್ಮ ಮನಿ ಭಾಂಡೆ ತಿಕ್ಕಲಿಕ್ಕೆ ಬರೋ ಬಾಯಿಯ ಕೈ? ನಾಕು ಮನಿ ಮುಸರಿ ತಿಕ್ಕಿ ಅವಳ ಬೆರಳಿನ ಸಂದಿ ಒಡದಿರ್ತಾವ. "ಅವಳಿಗೆಲ್ಲಾ ಬಿಸಿನೀರಾ?" ಅನ್ನೋ ಮಾತು ಗಂಡಸ್ರಷ್ಟ ಅಲ್ಲ, ನಮ್ಮೊಳಗಿನವರೂ ಆಡ್ತಾರ. ನನಗ ಎಲ್ಲಕ್ಕಿಂತ ಕೆಟ್ಟದ್ದು ಅನಸೋದು ಅದು.

ಬಚ್ಚಲಮನಿ ಶಾವರ್ ಸಣ್ಣಗ ಬಂದ್ರ ಅವತ್ತ ಸಂಜೀಕ ಪ್ಲಂಬರ್ ಬರ್ತಾನ. ಅಡಗಿಮನಿ ನಳಾ ಆರು ತಿಂಗಳ ಸಣ್ಣಗ ಬಂದ್ರೂ "ನೋಡೋಣ." ಮನಿ ಕಟ್ಟುವಾಗ್ಲೂ ಅದ ಹಣೇಬರಹ. ಗೀಝರ್ ದೊಡ್ಡ ಬಚ್ಚಲಮನಿಯೊಳಗ, ಅಡಗಿಮನಿಗೆ ಅಲ್ಲಿಂದ ಅರ್ಧಾ ಇಂಚಿನ ಪೈಪು ಮನಿ ಸುತ್ತಿಸಿ ಕಡೀಕ ತಂದು ಬಿಡ್ತಾರ. ಹತ್ತು ಮೀಟರ್ ಅಂಥಾ ಪೈಪಿನಾಗ ಒಂದೂಕಾಲು ಲೀಟರ್ ನೀರು ಆರಿ ನಿಂತಿರ್ತದ. ಪ್ರತಿ ಸಲ ಅಷ್ಟು ಸಿಂಕಿಗೆ ಸುರುವಿ ಕಾಯ್ಬೇಕು, ನೀರು ದಿನಾ ಬರಲಾರದ ಊರಾಗ! ಅದನ್ನ ಪಾತ್ರಿಯಾಗ ಹಿಡದು ಬ್ಯಾಳಿ ತೊಳೀಲಿಕ್ಕೆ ಇಟ್ಕೊಳ್ರಿ, ಆದ್ರ ಹಿಡಿಯೋದ ಪರಿಹಾರ ಅಂತ ಸುಮ್ಮನಾಗಬ್ಯಾಡ್ರಿ.

ಯಾರ ಮನಿ ಈಗ ಕಟ್ಟಲಿಕ್ಕೆ ಹತ್ತದ, ಅವರು ಗ್ವಾಡಿ ಮುಚ್ಚೋದಕ್ಕಿಂತ ಮೊದಲ ಎರಡು ಮಾತು ಕೇಳ್ರಿ. ಗೀಝರಿನಿಂದ ಅಡಗಿಮನಿಗೆ ಎಷ್ಟು ಮೀಟರ್? ಬಿಸಿನೀರಿಗೆ ಹಾಕಿದ್ದು ಸಿಪಿವಿಸಿ ಪೈಪೋ, ತಣ್ಣೀರಿನ ಬಿಳೇ ಪೈಪೋ? ಕಟ್ಟಿ ಮುಗದವರು ಈ ಐತವಾರ ಪಾತ್ರಿ ಹಿಡದು ಸೆಕೆಂಡ್ ಎಣಸ್ರಿ. ಆಮ್ಯಾಲೆ ಯಾರರೇ ಪಂಪಿನ ಲೆಕ್ಕಾ ತಂದ್ರ ಮೊದಲ ಕ್ಯಾಲೆಂಡರ್ ತೋರಸಿ, "ತಣ್ಣೀರಿಗೆ 15, ಬಿಸಿನೀರಿಗೆ 50, ಯಾಕ ಹೇಳಪಾ" ಅಂತ ಕೇಳ್ರಿ. ಉತ್ತರ ಕೊಟ್ಟವನಿಗೆ ಕೆಲಸಾ ಕೊಡ್ರಿ.