ಸ್ಟೇಷನ್ ರಿಲೇಲಿರೋ ಲೆಕ್ಕ ನಮಗ್ಯಾಕೆ ಕೊಡಲ್ಲ?

ಹೋದ ತಿಂಗಳು ನನ್ನ ಬೋರಿನ ಮೋಟರ್ ಸುಟ್ಟೋಯ್ತು. ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಇಳಿಸೋ ಹೊತ್ತಿಗೆ 9 ದಿನ. ಅಷ್ಟರಲ್ಲಿ ಅಡಿಕೆ ಸಸಿ ಬಾಡಿದ್ವು. ಆಫೀಸಿಗೆ ಹೋದ್ರೆ ಒಂದೇ ಮಾತು: "ಲೈನ್ ಸರಿಯಾಗೈತೆ, ನಿಮ್ಮ ಮೋಟರ್‌ದೇ ತೊಂದ್ರೆ." ಸ್ಟೇಷನ್ ಪುಸ್ತಕದಲ್ಲಿ ಆ ರಾತ್ರಿ ಬರೆದಿದ್ದು ಒಂದೇ ಟ್ರಿಪ್.

ನಾನು ಒಪ್ಪಲಿಲ್ಲ. ರಿಲೇ ನೋಡೋಣ ಅಂದೆ. ಡ್ಯೂಟಿಲಿದ್ದ ಹುಡುಗ ಒಳ್ಳೆಯವನು, ಬಟನ್ ಒತ್ತಿ ತೋರಿಸಿದ. ಅರ್ಧ ಗಂಟೆ ಒಳಗೆ ನಾಲ್ಕು ಟ್ರಿಪ್! ನಾಲ್ಕೂ ಬಿ ಫೇಸ್, ಅರ್ಥ್ ಫಾಲ್ಟ್. ಅಂದ್ರೆ ಎಲ್ಲೋ ಕೊಂಬೆ ತಂತಿಗೆ ತಾಗ್ತಿತ್ತು, ಇಲ್ಲಾ ಇನ್ಸುಲೇಟರ್ ಒಡೆದಿತ್ತು. ಲೈನ್ ನೋಡದೆ ಮತ್ತೆ ಮತ್ತೆ ಚಾರ್ಜ್ ಮಾಡಿದ್ದಾರೆ. ಪ್ರತಿ ಸಲ ಕರೆಂಟ್ ಬಂದಾಗ ನನ್ನ ಆಟೋ ಸ್ಟಾರ್ಟರ್ ಮೋಟರ್ ಎಳೆದಿದೆ. ಸ್ಟಾರ್ಟ್ ಆಗೋವಾಗ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಆರೋಕೆ ಬಿಡದೆ ಹಂಗೆ ಎಳೆಸಿದ್ರೆ ವೈಂಡಿಂಗ್ ಬೇಯದೆ ಇನ್ನೇನಾಗುತ್ತೆ?

ಹಳೇ ಕಾಲದ ರಿಲೇಲಿ ಒಂದು ತಟ್ಟೆ ತಿರುಗೋದು, ಒಂದು ಫ್ಲಾಗ್ ಬೀಳೋದು. ಆಪರೇಟರ್ ರೀಸೆಟ್ ಮಾಡಿದ್ರೆ ಕಥೆ ಮುಗೀತು. ಈಗಿನ ನ್ಯೂಮರಿಕಲ್ ರಿಲೇ ಹಂಗಲ್ಲ. ಯಾವ ಫೇಸು, ಎಷ್ಟು ಆಂಪಿಯರು, ಬ್ರೇಕರ್ ಯಾವಾಗ ಬಿಚ್ಚಿತು ಅನ್ನೋದನ್ನ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಬರೆದಿಡುತ್ತೆ. ಫಾಲ್ಟಿನ ಹಿಂದೆ ಮುಂದೆ ಕರೆಂಟಿನ ಅಲೆ ಹೆಂಗಿತ್ತು ಅನ್ನೋದನ್ನೂ ಫೈಲ್ ಮಾಡುತ್ತೆ. ಆ ಫೈಲಿಗೆ ಕಾಮ್‌ಟ್ರೇಡ್ ಅಂತ 1991ರಿಂದಲೇ ಒಂದು ಸ್ಟ್ಯಾಂಡರ್ಡ್ ಇದೆ. ಯಾವ ಕಂಪನಿ ರಿಲೇ ಆದ್ರೂ ಓದಬಹುದು. ವೈರ್ ಎಳೆದು ಕಂಟ್ರೋಲ್ ರೂಮಿಗೂ ಕಳಿಸಬಹುದು. ನಮ್ಮ ಸ್ಟೇಷನ್ನಿನ ರಿಲೇ ಹಿಂದೆ ಆ ಪೋರ್ಟ್ ಖಾಲಿ ಬಿದ್ದಿದೆ, ಧೂಳು ಹಿಡಿದಿದೆ. ಗಡಿಯಾರ 40 ನಿಮಿಷ ಹಿಂದಿದೆ. ಮೆಮೊರಿ ತುಂಬಿದ್ರೆ ಹಳೇದನ್ನ ಅಳಿಸಿ ಹೊಸದು ಬರೀತದೆ. ನಾವು ಕೇಳೋದು ತಡ ಆದ್ರೆ ಸಾಕ್ಷಿ ಹೋಯ್ತು.

ನಮ್ಮ ತಪ್ಪೂ ಹೇಳ್ಬೇಕು. ಕರೆಂಟ್ ಬಂದ ಕ್ಷಣಕ್ಕೆ ಫೀಡರಿನ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎಳೆದ್ರೆ ಮೂರೂ ಫೇಸಲ್ಲಿ ಓವರ್ ಕರೆಂಟ್ ಆಗಿ ಟ್ರಿಪ್ ಆಗುತ್ತೆ. ರಿಲೇ ಅದನ್ನೂ ಬರೀತದೆ. ಹಂಗಿದ್ರೆ ಟೈಮರ್ ಹಾಕಿಸಿ, ಒಬ್ಬರದು 2 ನಿಮಿಷ, ಪಕ್ಕದವರದು 5 ನಿಮಿಷ ಇಡೋಣ. ಇನ್ನೊಂದು ವಿಷ್ಯ: ನಿಮ್ಮ ಟಿಸಿಲಿ ಒಂದು ಫ್ಯೂಸ್ ಹೋಗಿ ಎರಡೇ ಫೇಸ್ ಬಂದು ಮೋಟರ್ ಸುಟ್ರೆ, ಸ್ಟೇಷನ್ ರಿಲೇಗೆ ಅದು ಗೊತ್ತೇ ಆಗ್ದೆ ಇರಬಹುದು. ಅದಕ್ಕೆ ಸ್ಟಾರ್ಟರಲ್ಲೇ ಪ್ರಿವೆಂಟರ್ ಬೇಕು. ಎಲ್ಲಾ ಸುಟ್ಟ ಮೋಟರಿಗೂ ಸ್ಟೇಷನ್ನೇ ಕಾರಣ ಅಂತ ನಾನು ಹೇಳ್ತಿಲ್ಲ. ಯಾರ ತಪ್ಪು ಅಂತ ಲೆಕ್ಕ ನೋಡಿ ಹೇಳಿ ಅಂತಿದೀನಿ.

"ರೈತರಿಗೆ ಇದೆಲ್ಲ ಅರ್ಥ ಆಗಲ್ಲ" ಅಂದ್ರು ಒಬ್ಬ ಸಾಹೇಬ್ರು. ಡೈರಿಲಿ ಫ್ಯಾಟು, ಡಿಗ್ರಿ ಚೀಟಿ ದಿನಾ ಓದೋರು ನಾವು. ಆರ್, ವೈ, ಬಿ ಓದೋಕೆ ಬರಲ್ವಾ?

ಕೇಳ್ಬೇಕಾದ್ದು ಮೂರೇ. ಪ್ರತಿ ತಿಂಗಳು ನಮ್ಮ ಫೀಡರಿನ ಟ್ರಿಪ್ ಪಟ್ಟಿ ರಿಲೇಯಿಂದಲೇ ತೆಗೆದು ಬೋರ್ಡಿಗೆ ಅಂಟಿಸ್ಲಿ. ಗಡಿಯಾರ ಸರಿ ಮಾಡ್ಲಿ. ಮೋಟರ್ ಸುಟ್ಟ ದೂರಿಗೆ ಬಾಯಿಮಾತಲ್ಲ, ಆ ಹೊತ್ತಿನ ರೆಕಾರ್ಡ್ ಇಟ್ಟು ಉತ್ತರ ಕೊಡ್ಲಿ.

ಕೊಡದಿದ್ರೆ ಮಾಹಿತಿ ಹಕ್ಕಲ್ಲಿ ಅರ್ಜಿ, 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡ್ಬೇಕು. ಫೀಡರ್ ಹೆಸರು, ತಾರೀಕು, ಗಂಟೆ ಹಾಕಿ "ರಿಲೇ ಈವೆಂಟ್ ರೆಕಾರ್ಡ್" ಅಂತಲೇ ಬರೀರಿ. ಅಳಿಸಿ ಹೋಗದಂತೆ ತೆಗೆದಿಡಿ ಅಂತ ಆಫೀಸಿಗೆ ಅವತ್ತೇ ಒಂದು ಪತ್ರ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಅದಕ್ಕೂ ಬಗ್ಗದಿದ್ರೆ 2003ರ ವಿದ್ಯುತ್ ಕಾಯ್ದೆ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ.

ನಮ್ಮ ಫೀಡರಿನವರು ಸೋಮವಾರ 11 ಗಂಟೆಗೆ ಆಫೀಸ್ ಹತ್ರ ಬನ್ನಿ. ಯಾವಾಗ ಮೋಟರ್ ಸುಡ್ತು ಅಂತ ತಾರೀಕು ಬರ್ಕೊಂಡ್ ಬನ್ನಿ, ರೀವೈಂಡಿಂಗ್ ಬಿಲ್ ಮರೀಬೇಡಿ.