ನಿಂತ ಗಾಡಿ, ನಿಂತ ಎಂಜಿನ್ನು

ಮರೋಳದ ಎರೆ ಹೊಲದ ಮೇಲೆ ಜೋರು ಮಳೆ ಬಿದ್ದರೆ ಎರಡು-ಮೂರು ದಿನ ಗಾಲಿ ಇಳಿಸುವಂತಿಲ್ಲ. ಮಣ್ಣು ಟೈರಿನ ಹಲ್ಲುಗಳ ಸಂದಿನಲ್ಲಿ ಮೆತ್ತಿಕೊಂಡು ಗಾಲಿ ನುಣ್ಣಗಾಗುತ್ತದೆ, ನಿಂತಲ್ಲೇ ತಿರುಗುತ್ತದೆ. ಗುಡುಗು-ಗಾಳಿಯ ಮಳೆಯಾದರೆ ಕರೆಂಟೂ ಹೋಗಿರುತ್ತದೆ. ಹುನಗುಂದ, ಇಳಕಲ್ ಸೀಮೆಯಲ್ಲಿ ನಾಲ್ಕು ಕಾಸು ಕೂಡಿಸಿದವರಿಗೆ ಆಗ ಎರಡು ಆಸೆ ಒಟ್ಟಿಗೇ ಹುಟ್ಟಿದರೆ ಆಶ್ಚರ್ಯವಿಲ್ಲ: ನಾಲ್ಕೂ ಗಾಲಿಗೆ ಜೋರು ಕೊಡುವ ಒಂದು ಮಿಲಿಟರಿ ಡಿಸ್ಪೋಸಲ್ ಲಾರಿ, ಮತ್ತು ಒಂದು ಜನರೇಟರ್. ಎರಡನ್ನೂ ಕೊಳ್ಳುವಾಗ ಜನ ಅದು ಹೇಗೆ ಓಡುತ್ತದೆಂದು ನೋಡುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲು ಕೇಳಬೇಕಾದ್ದು, ಅದು ಹೇಗೆ ನಿಲ್ಲುತ್ತದೆ ಎಂದು. ವರ್ಷದ ಹೆಚ್ಚಿನ ದಿನ ಎರಡೂ ಸುಮ್ಮನೆ ನಿಂತಿರುವ ಯಂತ್ರಗಳೇ.

ಲಾರಿಯ ಪರವಾದ ಮಾತು ಬಲವಾಗಿಯೇ ಇದೆ. ಜರ್ಮನಿಯ ಮ್ಯಾನ್ ಕಂಪನಿಯ ವಿನ್ಯಾಸದಲ್ಲಿ 1959ರಿಂದ ಜಬಲ್‌ಪುರದಲ್ಲಿ ತಯಾರಾದ ಶಕ್ತಿಮಾನ್, ಅದರ ನಂತರ ಬಂದ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾದ ಎರಡೂವರೆ ಟನ್ನಿನ ಫೋರ್‌ವೀಲ್ ಲಾರಿ, ಇವೆಲ್ಲ ರಸ್ತೆಯೇ ಇಲ್ಲದ ಕಡೆ ಹೋಗಲೆಂದು ಹುಟ್ಟಿದವು. ಎತ್ತರದ ಚಾಸಿ, ದಪ್ಪ ಆಕ್ಸಲ್, ಬರಿಗಣ್ಣಿಗೆ ಕಾಣುವ ಯಂತ್ರಭಾಗ. ಸೆನ್ಸರ್ ಕೆಟ್ಟು ದಾರಿ ಮಧ್ಯೆ ನಿಲ್ಲುವ ಹೆದರಿಕೆ ಹಳೆಯವಕ್ಕೆ ಇಲ್ಲ. ನಮ್ಮ ಭಾಗದಲ್ಲಿ ಸೈನ್ಯದಲ್ಲಿದ್ದು ನಿವೃತ್ತರಾಗಿ ಬಂದವರಿಗೂ ಕೊರತೆಯಿಲ್ಲ. ಅವರಲ್ಲಿ ಒಬ್ಬ ಡ್ರೈವರೋ ಮೆಕ್ಯಾನಿಕ್ಕೋ ಸಿಕ್ಕಿಬಿಟ್ಟರೆ ಗಾಡಿಯ ಅರ್ಧ ಚಿಂತೆ ಮುಗಿದಂತೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಎತ್ತರದ ಗಾಡಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಹರಾಜಿಗೆ ಬರುವ ಗಾಡಿ ಓಡಿ ಸವೆದದ್ದಕ್ಕಿಂತ ನಿಂತು ಸವೆದದ್ದೇ ಹೆಚ್ಚು. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಕಂಡು ಹಿಗ್ಗುವವರು ಟೈರಿನ ಪಕ್ಕದ ಗೋಡೆಯನ್ನು ಉಗುರಿನಿಂದ ಕೆರೆದು ನೋಡಲಿ. ಕೂದಲೆಳೆಯಂಥ ಬಿರುಕುಗಳಿದ್ದರೆ ಹಲ್ಲು ಎಷ್ಟೇ ಆಳವಿರಲಿ, ರಬ್ಬರು ಮುದಿಯಾಗಿದೆ. ಟೈರಿನ ರಬ್ಬರಿಗೆ ಆದದ್ದು ಕಾಣದ ಕಡೆಯೂ ಆಗಿರುತ್ತದೆ: ಬ್ರೇಕಿನ ವಾಷರ್, ಹಬ್ಬಿನ ಎಣ್ಣೆ ಸೀಲು, ಡೀಸೆಲ್ ಪೈಪು. ವಯಸ್ಸು ತಿಳಿಯಲು ಒಂದು ಸುಲಭ ಉಪಾಯವೂ ಇದೆ. ಮಿಲಿಟರಿ ನಂಬರ್ ಪ್ಲೇಟಿನಲ್ಲಿ ಮೇಲ್ಮುಖ ಬಾಣದ ಪಕ್ಕದ ಎರಡು ಅಂಕಿಗಳು ಗಾಡಿ ಸೈನ್ಯಕ್ಕೆ ಸೇರಿದ ವರ್ಷ. ಬಣ್ಣ ಬಳಿಯುವ ಮೊದಲು ಅದನ್ನು ಬರೆದಿಟ್ಟುಕೊಳ್ಳಬೇಕು. ಬಣ್ಣವನ್ನಂತೂ ಬಳಿಯಲೇಬೇಕು, ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಗಾಡಿ ನೋಡಿ ಮರುಳಾದವನ ಮೊದಲ ಖರ್ಚು ಅವನು ಮರುಳಾದ ಬಣ್ಣವನ್ನು ಅಳಿಸುವುದಕ್ಕೇ.

ಕಾಗದದ್ದು ಇನ್ನೊಂದು ತಕರಾರು. ರಸ್ತೆಗಿಳಿಸಲು ಸೇನೆಯ ಅಧಿಕಾರಿ ಕೊಟ್ಟ ಮೂಲ ಫಾರಂ 21, ಅಂದರೆ ಮಾರಾಟದ ಪ್ರಮಾಣಪತ್ರ, ಬೇಕು; ಆರ್‌ಟಿಓ ನೋಂದಣಿಗೆ ಅದೇ ಬುಡ. ಸ್ಕ್ರ್ಯಾಪ್ ಎಂದು ಹರಾಜಾದ ಗಾಡಿ ಎಷ್ಟೇ ಗಟ್ಟಿಯಿದ್ದರೂ ರಸ್ತೆಯ ಮಟ್ಟಿಗೆ ಅದು ಕಬ್ಬಿಣವೇ. ಮಧ್ಯವರ್ತಿ ‘ಆಮೇಲೆ ಮಾಡಿಸಿಕೊಡ್ತೀನ್ರೀ’ ಅಂದರೆ ಅಲ್ಲಿಂದ ಎದ್ದು ಬರುವುದು ಲೇಸು.

ಇನ್ನು ಕೆಲಸಕ್ಕೆ ಬರೋಣ. ಇಳಕಲ್ಲಿನ ಕೆಂಪು ಗ್ರಾನೈಟ್ ಸಾಗಿಸಲು ಇದು ಆದೀತು ಎನ್ನುವವರು ಒಮ್ಮೆ ಗುಣಾಕಾರ ಮಾಡಲಿ. ಈ ಕಲ್ಲು ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ದಿಮ್ಮಿ ಎಂದರೆ 18 ಟನ್ ದಾಟಿತು. ಶಕ್ತಿಮಾನ್, ಸ್ಟಾಲಿಯನ್‌ಗಳ ಅಳವು ಐದರಿಂದ ಏಳೂವರೆ ಟನ್. ದಿಮ್ಮಿ ಹೊತ್ತು ಹೆದ್ದಾರಿ 50ಕ್ಕೆ ಇಳಿಯುವ ಗಾಡಿ ಬೇರೆಯೇ. ಮಿಲಿಟರಿ ಲಾರಿಗೆ ಒಪ್ಪುವ ಕೆಲಸ ಕ್ವಾರಿಯ ಒಳಗಿನದು: ಕುಣಿಯ ತಳಕ್ಕೆ ಡೀಸೆಲ್ ಡ್ರಮ್ಮು, ನೀರಿನ ಟ್ಯಾಂಕು, ಕಂಪ್ರೆಸರ್ ಇಳಿಸುವುದು, ಸಿಕ್ಕಿಬಿದ್ದ ಟಿಪ್ಪರನ್ನು ಎಳೆಯುವುದು. ಆ ಕೆಲಸಕ್ಕೆ ಅದರಷ್ಟು ಅಗ್ಗದ, ಹಟಮಾರಿ ಗಾಡಿ ಬೇರೆ ಸಿಗುವುದು ಕಷ್ಟ. ಅದೇ ಗಾಡಿಯನ್ನು ಹುನಗುಂದ ಸಂತೆಗೂ ಮದುವೆಗೂ ಓಡಿಸಿದರೆ ತೂಕಕ್ಕೆ ತಕ್ಕಷ್ಟು ಡೀಸೆಲ್ ಕುಡಿಯುತ್ತದೆ. ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿಯೇ ತಿರುವು ತೆಗೆದರಂತೂ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಉರುಳಬೇಕಾಗಿ ಟ್ರಾನ್ಸ್‌ಫರ್ ಗೇರ್‌ಬಾಕ್ಸಿನ ಮೇಲೆ ಆ ಎಳೆತವೆಲ್ಲ ಬೀಳುತ್ತದೆ. ಆ ಡಬ್ಬಿ ಒಡೆದರೆ ಬಿಡಿಭಾಗ ಹುಡುಕುವುದೇ ಒಂದು ಯಾತ್ರೆ. ಎಂಜಿನ್ನಿನ ಪಾಡು ಅಷ್ಟು ಕೆಟ್ಟದ್ದಲ್ಲ: ಸ್ಟಾಲಿಯನ್ನಿನದು ಲೇಲ್ಯಾಂಡಿನ ಸಾಮಾನ್ಯ ಲಾರಿಗಳ ಹಿನೋ ಮೂಲದ ಆರು ಸಿಲಿಂಡರ್ ಕುಟುಂಬ, ಅದನ್ನು ಬಿಚ್ಚಿ ಗೊತ್ತಿರುವ ಫಿಟ್ಟರ್ ಬಾಗಲಕೋಟೆಯಲ್ಲೂ ಸಿಗುತ್ತಾನೆ. ಶಕ್ತಿಮಾನ್ ನಿಂತುಹೋಗಿ ದಶಕಗಳಾದವು. ಅದನ್ನು ಕೊಳ್ಳುವವನು ಇನ್ನೊಂದು ಶಕ್ತಿಮಾನನ್ನು ಬಿಡಿಭಾಗಕ್ಕೆಂದೇ ಕೊಂಡಿಟ್ಟರೆ ಅದನ್ನು ಹುಚ್ಚು ಎನ್ನಲಾರೆ.

ಜನರೇಟರಿನ ಪ್ರಶ್ನೆ ಇದಕ್ಕಿಂತ ತೊಡಕಿನದು. ಮರೋಳದಲ್ಲಿ ಅದು ಯಾರಿಗೆ ಬೇಕು ಎಂಬಲ್ಲಿಂದಲೇ ಶುರು ಮಾಡಬೇಕು.

ರೈತನಿಗೆ ಬೇಕೆ? ಈ ಊರಿನ ಹೆಸರು ಹೊತ್ತ ರಾಮಥಾಳ-ಮರೋಳ ಏತ ನೀರಾವರಿಯಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ 24,000 ಹೆಕ್ಟೇರಿಗೆ ಹನಿ ನೀರು ಕೊಡುವ ಯೋಜನೆ ಮಾಡಿದರು. ಜೈನ್ ಮತ್ತು ನೆಟಾಫಿಮ್ ಕಂಪನಿಗಳು ಕೊಳವೆ ಹಾಸಿದವು. ಅಲ್ಲಿ ನೀರಿನ ಒತ್ತಡ ಬರುವುದು ಯೋಜನೆಯ ಪಂಪ್‌ಹೌಸಿನಿಂದ. ಅದು ನಿಂತ ದಿನ ಹೊಲದ ಬದಿಯ ಜನರೇಟರ್ ಒಂದು ಹನಿಯನ್ನೂ ತರಲಾರದು. ಬೋರ್‌ವೆಲ್ ಇದ್ದವನ ಲೆಕ್ಕ ಬೇರೆ. ಹತ್ತು ಎಚ್‌ಪಿ ಮೋಟಾರನ್ನು ನೇರ ಸ್ಟಾರ್ಟರಿನಲ್ಲಿ ಎಬ್ಬಿಸುವಾಗ ಅದು ಓಟದ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆದ್ದರಿಂದ ಏಳೂವರೆ ಕಿಲೋವ್ಯಾಟ್ ಮೋಟಾರಿಗೆ 20-25 ಕೆವಿಎ ಸೆಟ್ ಹೇಳುತ್ತಾರೆ. ಗಂಟೆಗೆ ಮೂರು ಲೀಟರಿನ ಆಸುಪಾಸು ಡೀಸೆಲ್. ಲೀಟರಿಗೆ 90 ರೂಪಾಯಿ ಎಂದರೂ ತಾಸಿಗೆ 270. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರದ ಕರೆಂಟು ಪುಕ್ಕಟೆ ಇರುವಾಗ ಈ ಖರ್ಚು ಎದೆಗೆ ಒದೆಯುತ್ತದೆ. ಆದರೂ 2023ರಂಥ ಬರದ ವರ್ಷ ನೆನಪಿಸಿಕೊಳ್ಳಿ. ಆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿನ ತ್ರೀಫೇಸ್ ಏಳು ತಾಸಿನಿಂದ ಐದಕ್ಕಿಳಿಯಿತು. ಕಾಯಿ ಕಟ್ಟುವ ಹೊತ್ತಿನ ಮೆಣಸಿನಕಾಯಿಗೆ ಎರಡು ನೀರು ತಪ್ಪದಂತೆ ನೋಡಿಕೊಂಡರೆ ಆ 270 ಅಗ್ಗವೇ.

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗೆ ಈ ಅನುಮಾನವಿಲ್ಲ. ಗ್ಯಾಂಗ್‌ಸಾ ಒಂದು ದಿಮ್ಮಿ ಸೀಳಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಸುರಿಯುತ್ತಿದ್ದ ಕಬ್ಬಿಣದ ಕಾಳು-ಸುಣ್ಣದ ನೀರು ತಳಕ್ಕಿಳಿದು ಗಟ್ಟಿಯಾಗುತ್ತದೆ, ಬ್ಲೇಡುಗಳು ಕಲ್ಲಿನೊಳಗೇ ಹಿಡಿದುಕೊಳ್ಳುತ್ತವೆ. ಅಲ್ಲಿ ಜನರೇಟರ್ ಇಲ್ಲದಿರುವುದೇ ದುಬಾರಿ. ಇನ್ನು ಅದೇ ಊರಿನಲ್ಲಿ ಕೈಮಗ್ಗದ ಮೇಲೆ ಕೊಂಡಿ ಹಾಕಿ ಸೆರಗು ಕೂಡಿಸುವ ನೇಕಾರನಿಗೆ ಬೇಕಾದ್ದು ಬೆಳಕು, ಫ್ಯಾನು. ಒಂದು ಇನ್ವರ್ಟರ್, ಒಂದು ಬ್ಯಾಟರಿ ಸಾಕು. ಜನರೇಟರಿನ ಸದ್ದು, ಹೊಗೆ ಅವನ ಮನೆಗೆ ಹೊರುವ ಅಗತ್ಯವಿಲ್ಲ.

ಹೊಸದೋ ಹಳೆಯದೋ? ಹಳೆ ಸೆಟ್, ಅದು ಮಿಲಿಟರಿ ಹರಾಜಿನದೇ ಇರಲಿ, ರಾಜಕೋಟದ ನಿಧಾನಗತಿಯ ಎಂಜಿನ್ನಿಗೆ ಬೆಲ್ಟ್ ಹಾಕಿ ಕೂಡಿಸಿದ್ದೇ ಇರಲಿ, ಊರಿನ ಫಿಟ್ಟರಿಗೆ ತಿಳಿಯುತ್ತದೆ. 2023ರ ಜುಲೈನಿಂದ 800 ಕಿಲೋವ್ಯಾಟ್‌ವರೆಗಿನ ಹೊಸ ಸೆಟ್‌ಗಳಿಗೆ ಬಿಗಿಯಾದ ಹೊಗೆ ನಿಯಮ ಬಂತು. ಮಧ್ಯಮ ಗಾತ್ರದ ಹೊಸ ಎಂಜಿನ್ನುಗಳಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದದ್ದು ಹೆಚ್ಚಾಗಿ ಅದರಿಂದಲೇ. ಹೊಗೆ ಕಡಿಮೆ, ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟದ ಸದ್ದು, ಕೈಯಲ್ಲಿ ವಾರಂಟಿ. ಬದಲಿಗೆ ಅವು ಕೇಳುವುದು ಶುದ್ಧ ಡೀಸೆಲ್, ಆರೋಗ್ಯವಂತ ಬ್ಯಾಟರಿ, ಲ್ಯಾಪ್‌ಟಾಪ್ ಹಿಡಿದು ಬರುವ ಕಂಪನಿ ಹುಡುಗ. ಡ್ರಮ್ಮಿನಲ್ಲಿ ಮಳೆಗಾಲ ಕಳೆದ ಡೀಸೆಲ್ಲಿನ ತಳದಲ್ಲಿ ನೀರು ಕೂರುತ್ತದೆ, ಅದರಲ್ಲಿ ಪಾಚಿಯಂಥ ಲೋಳೆ ಬೆಳೆಯುತ್ತದೆ. ಹಳೆ ಎಂಜಿನ್ನಿನ ಡೀಸೆಲ್ ಪಂಪು ಅದನ್ನು ಗೊಣಗುತ್ತ ನುಂಗೀತು, ಹೊಸ ಇಂಜೆಕ್ಟರ್ ನುಂಗದು. ಕ್ವಾರಿಗೆಂದು ಡೀಸೆಲ್ ಕೂಡಿಡುವವರು 2,500 ಲೀಟರಿನ ಮೇಲೆ ಲೈಸೆನ್ಸ್ ಬೇಕೆಂಬುದನ್ನೂ ಮರೆಯಬಾರದು.

ಎರಡೂ ಬಗೆಗೆ ಒಂದೇ ಪಥ್ಯ: ವಾರಕ್ಕೊಮ್ಮೆ ಕಾಲು ತಾಸು, ಅದೂ ಲೋಡ್ ಹಾಕಿ. ದೊಡ್ಡ ಸೆಟ್ ತಂದು ಎರಡು ಬಲ್ಬಿಗೆ ಓಡಿಸಿದರೆ ಸುಡದ ಡೀಸೆಲ್ ಕರಿ ಜಿಗುಟಾಗಿ ಹೊಗೆಕೊಳವೆಯಲ್ಲಿ ಇಳಿಯುತ್ತದೆ. ಸೆಟ್ಟಿನ ಅಳವಿನ ಮೂರನೆ ಒಂದರಷ್ಟಾದರೂ ಹೊರೆ ಇರಲಿ.

ವಾರದ ಈ ಶಿಸ್ತು ತನ್ನಿಂದ ಆಗದು ಎನ್ನುವ ಪ್ರಾಮಾಣಿಕರಿಗೆ ನಾನು ಹೇಳುವುದು ಮೂರನೆಯ ದಾರಿ: ಟ್ರ್ಯಾಕ್ಟರಿನ ಪಿಟಿಓಗೆ ಕೂಡಿಸುವ ಆಲ್ಟರ್ನೇಟರ್. ಐವತ್ತು ಎಚ್‌ಪಿ ಟ್ರ್ಯಾಕ್ಟರ್ ಹತ್ತು ಎಚ್‌ಪಿ ಪಂಪನ್ನು ನಡೆಸಬಲ್ಲದು. ಅದರ ಎಂಜಿನ್ನು ದಿನವೂ ದುಡಿಯುತ್ತಿರುತ್ತದೆ, ಬ್ಯಾಟರಿ ಸತ್ತಿರುವುದಿಲ್ಲ, ಡೀಸೆಲ್ ಹಳತಾಗಿರುವುದಿಲ್ಲ. ಎರೆಯಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ಎಳೆಯಲೂ ಅದೇ ಬರುತ್ತದೆ. ಕುಂದು ಒಂದೇ, ಪಂಪು ಓಡುವಷ್ಟು ಹೊತ್ತು ಹರಗುವುದಕ್ಕೆ, ಬಿತ್ತುವುದಕ್ಕೆ ಟ್ರ್ಯಾಕ್ಟರಿಲ್ಲ. ಒಂದೇ ಟ್ರ್ಯಾಕ್ಟರಿನ ಮನೆಗೆ ಇದು ಸಣ್ಣ ಕುಂದಲ್ಲ. ಹಿಂಗಾರಿ ಬಿತ್ತನೆಯ ವಾರದಲ್ಲಿ ಅದೇ ನಿರ್ಣಾಯಕ.

ಯಾವುದನ್ನು ತಂದರೂ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ತಂತಿಗೆ ಕೂಡಿಸಬಾರದು. ಎರಡೂ ಕಡೆ ಪಿನ್ನಿರುವ ವೈರು ಚುಚ್ಚಿ ಕೆಲಸ ಸಾಗಿಸುವವರಿದ್ದಾರೆ. ಆ ಕರೆಂಟು ಹಿಮ್ಮುಖವಾಗಿ ಹೆಸ್ಕಾಂ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿಂದ 11,000 ವೋಲ್ಟಾಗಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ತಲುಪಬಹುದು.